ಉಗುರಿನಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ?

ಉಗುರು ಕಡಿಯುವವರಿಗೆ ಸಿಗುವಷ್ಟು ಬಿಟ್ಟಿ ಉಪದೇಶ ಈ ಲೋಕದಲ್ಲಿ ಇನ್ಯಾರಿಗೂ ಸಿಗಲಿಕ್ಕಿಲ್ಲ. ಬೀಡಿ ಸೇದುವವರನ್ನು ಕಂಡರೆ ಜನ ಸ್ವಲ್ಪ ದೂರ ಸರಿದು ನಿಲ್ಲುತ್ತಾರೆ. ಗುಟ್ಕಾ ಅಗಿಯುವವರಿಗೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟನ್ನೇ ಬಿಟ್ಟುಕೊಡುತ್ತಾರೆ. ಅದೇ ಉಗುರು ಬಾಯಿಗೆ ಹೋಯ್ತು ಅನ್ನಿ, ಗುರುತು ಪರಿಚಯ ಇಲ್ಲದವರೂ "ಥೂ, ಬಾಯಾಗಿಂದ ಕೈ ತಗೀರಿ" ಅಂತ ಹೇಳಿಬಿಡುತ್ತಾರೆ. ನಲವತ್ತು ವರ್ಷದ ಗಂಡಸಾದರೂ ಸರಿ, ಆ ಕ್ಷಣಕ್ಕೆ ಅವನು ಎರಡನೇ ಕ್ಲಾಸಿನ ಹುಡುಗ.

ನಾನೂ ಅದೇ ಪಂಗಡದವನು. ಇದು 'ನಾನು ಹೀಗೆ ಬಿಟ್ಟೆ, ನೀವೂ ಬಿಡಿ' ಅನ್ನುವ ಬರಹ ಅಲ್ಲ. ಬಿಟ್ಟಿಲ್ಲ, ಕಡಿಮೆ ಆಗಿದೆ ಅಷ್ಟೇ :-) ನನ್ನ ತಕರಾರು ಬೇರೆ. ಈ ಅಭ್ಯಾಸವನ್ನು ನಾವು ಮನೆಯಲ್ಲಿ, ಶಾಲೆಯಲ್ಲಿ, ನಾಲ್ಕು ಜನರ ನಡುವೆ ನಡೆಸಿಕೊಳ್ಳುವ ರೀತಿಯೇ ಸರಿಯಿಲ್ಲ. ಬೈಗುಳ, ಖಾರ, ಏಟು, ನಾಚಿಕೆ ಇವು ಯಾವುವೂ ಉಗುರು ಕಡಿಯುವುದನ್ನು ಬಿಡಿಸುವುದಿಲ್ಲ. ಕೈಯನ್ನು ಬಚ್ಚಿಡುವುದನ್ನು ಮಾತ್ರ ಚೆನ್ನಾಗಿ ಕಲಿಸುತ್ತವೆ. 'ಉಗುರಿನಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ' ಅಂತ ನಮ್ಮ ಹಿರಿಯರು ಗಾದೆ ಮಾಡಿಟ್ಟಿದ್ದಾರೆ. ಆದರೆ ಉಗುರಿನ ವಿಷಯದಲ್ಲೇ ನಾವು ಕೊಡಲಿ ಎತ್ತಿಕೊಂಡು ನಿಂತಿದ್ದೇವೆ.

ನನ್ನೂರು ಭಾಗ್ಯನಗರ. ಹಾಗಂದ ತಕ್ಷಣ ಎಷ್ಟೋ ಜನ ಹೈದರಾಬಾದ್ ಅಂದುಕೊಳ್ಳುತ್ತಾರೆ, ಅದಲ್ಲ. ಕೊಪ್ಪಳಕ್ಕೆ ಅಂಟಿಕೊಂಡೇ ಇರುವ ಭಾಗ್ಯನಗರ. ನಮ್ಮೂರು ಎರಡು ಕೆಲಸಕ್ಕೆ ಹೆಸರುವಾಸಿ. ಒಂದು ಸೀರೆ ನೇಯ್ಗೆ, ಇನ್ನೊಂದು ಕೂದಲು. ಹೌದು, ಮನುಷ್ಯರ ತಲೆಗೂದಲೇ. ಊರೂರಿನಿಂದ ಬಂದ ಕೂದಲನ್ನು ಇಲ್ಲಿ ಸಿಕ್ಕು ಬಿಡಿಸಿ, ಬಾಚಿ, ಉದ್ದದ ಪ್ರಕಾರ ಬೇರೆ ಬೇರೆ ಮಾಡಿ, ಕಟ್ಟು ಕಟ್ಟಿ ಕಳಿಸುತ್ತಾರೆ. ಆಮೇಲೆ ಅದು ವಿಗ್ ಆಗಿ ಯಾವುದೋ ದೇಶದ ಯಾರದೋ ತಲೆ ಮೇಲೆ ಕೂರುತ್ತದೆ. ಎರಡೂ ಬೆರಳಿನ ಕೆಲಸವೇ. ಮಗ್ಗದ ಮೇಲೆ ಎಳೆ ಹರಿದರೆ ಬೆರಳ ತುದಿಯಲ್ಲೇ ಹಿಡಿದು ಗಂಟು ಹಾಕಬೇಕು. ಕೂದಲಿನ ಸಿಕ್ಕು ಬಿಡಿಸುವ ಹೆಣ್ಣುಮಕ್ಕಳ ಬೆರಳು ಮಾತಾಡುತ್ತಾ ಕೂತಾಗಲೂ ನಿಲ್ಲುವುದಿಲ್ಲ.

ಕೂದಲೂ ಉಗುರೂ ಒಂದೇ ವಸ್ತುವಿನಿಂದ ಆದದ್ದು. ಕೆರಾಟಿನ್ ಅನ್ನುವ ಪ್ರೋಟೀನ್. ಒಂದನ್ನು ನಮ್ಮೂರು ತೂಕ ಹಾಕಿ ಮಾರುತ್ತದೆ, ಇನ್ನೊಂದನ್ನು ನಮ್ಮಂಥವರು ಕಡಿದು ಉಗುಳುತ್ತೇವೆ!

ತಮಾಷೆ ಇರಲಿ. ಇಂಥ ಊರಲ್ಲಿ ಬೆಳೆದ ನಾನು ಒಂದು ಗಮನಿಸಿದ್ದೇನೆ. ಮಗ್ಗದ ಮುಂದೆ ಕೂತು ಲಾಳಿ ಓಡಿಸುವಾಗ ಯಾರೂ ಉಗುರು ಕಡಿಯುವುದಿಲ್ಲ, ಕಡಿಯೋಕೆ ಕೈಗೆ ಪುರುಸೊತ್ತೇ ಇಲ್ಲ. ಅದೇ ಮನುಷ್ಯ ನೂಲಿನ ದರ ಏರಿದ ಸುದ್ದಿ ಕೇಳಿ ಕಟ್ಟೆ ಮೇಲೆ ಸುಮ್ಮನೆ ಕೂತಾಗ ಬೆರಳು ಮೆಲ್ಲಗೆ ಬಾಯಿಗೆ ಹೋಗುತ್ತದೆ. ಕೈಗೆ ಕೆಲಸ ಇಲ್ಲ, ತಲೆಗೆ ಮಾತ್ರ ಇದೆ. ಉಗುರು ಸಿಕ್ಕಿಹಾಕಿಕೊಳ್ಳೋದು ಅಂಥ ಹೊತ್ತಿನಲ್ಲೇ.

ನಮ್ಮೂರಿನ ಅನುಭವ ಅಂತ ತಳ್ಳಿಹಾಕಬೇಡಿ. ಕೆನಡಾದ ಮಾಂಟ್ರಿಯಲ್‌ನಲ್ಲಿ ಕೀರನ್ ಓ'ಕಾನರ್ ಮತ್ತು ಜೊತೆಗಾರರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಉಗುರು ಕಡಿಯುವ, ಕೂದಲು ಕೀಳುವ, ಚರ್ಮ ಕೆರೆಯುವ ಅಭ್ಯಾಸ ಇರುವವರು 24 ಜನ, ಇಲ್ಲದವರು 24 ಜನ. ಅವರಿಗೆ ಬೇಸರ, ಒತ್ತಡ, ಹತಾಶೆ, ನೆಮ್ಮದಿ ಹೀಗೆ ಬೇರೆ ಬೇರೆ ಭಾವ ಹುಟ್ಟಿಸುವ ಸನ್ನಿವೇಶ ಕೊಟ್ಟು ನೋಡಿದರು. ನಾವೆಲ್ಲ ಅಂದುಕೊಳ್ಳೋದು ಉಗುರು ಕಡಿಯುವವನು ಪುಕ್ಕಲ, ಹೆದರುಪುಕ್ಕ ಅಂತ. ಆದರೆ ಈ ಅಭ್ಯಾಸದ ಜೊತೆ ಬೇಸರ ಮತ್ತು ಹತಾಶೆಯ ನಂಟು ಗಟ್ಟಿಯಾಗಿ ಕಂಡಿತು. ಎಲ್ಲವೂ ಅಚ್ಚುಕಟ್ಟಾಗಿ ಆಗಬೇಕು, ಆಗದಿದ್ದರೆ ಸಮಾಧಾನ ಇಲ್ಲ ಅನ್ನುವ ಸ್ವಭಾವದ ಜೊತೆಗೂ ನಂಟಿದೆ ಅನ್ನುತ್ತಾರೆ ಅವರು. ಸಣ್ಣ ಅಧ್ಯಯನ, ಅದನ್ನೇ ವೇದವಾಕ್ಯ ಮಾಡಿಕೊಳ್ಳಬೇಕಿಲ್ಲ. ಆದರೆ 'ಪುಕ್ಕಲ' ಅನ್ನುವ ಬಿರುದು ಕೊಡುವ ಮುಂಚೆ ಒಮ್ಮೆ ಯೋಚಿಸಲು ಇಷ್ಟು ಸಾಕು.

ಬೇಸರ, ಹತಾಶೆ ಅಂದಾಗ ನನಗೆ ಮೊದಲು ನೆನಪಾಗೋದು ನಮ್ಮ ಕಡೆಯ ಹುಡುಗರು. ಪರೀಕ್ಷೆ ಕಟ್ಟಿ, ಧಾರವಾಡದಲ್ಲಿ ರೂಮು ಮಾಡಿ, ಕೋಚಿಂಗ್ ಸೇರಿ ಕಾಯುವವರು. ಪಿಎಸ್‌ಐ ನೇಮಕಾತಿಯನ್ನೇ ತಗೊಳ್ಳಿ. 545 ಹುದ್ದೆಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ಆಯಿತು. ಅಕ್ರಮ ಬಯಲಿಗೆ ಬಂದು 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. ಎರಡು ವರ್ಷದ ಮೇಲೆ ಮೂರು ತಿಂಗಳು! ಪ್ರಾಮಾಣಿಕವಾಗಿ ಬರೆದವನು ಅಷ್ಟು ದಿನ ಏನು ಮಾಡಬೇಕು? ಓದಿದ್ದನ್ನೇ ಓದಬೇಕು, ಮನೆಯವರಿಗೆ ಉತ್ತರ ಕೊಡಬೇಕು, ಮೊಬೈಲು ನೋಡುತ್ತಾ ಕಾಯಬೇಕು. ಅಂಥವನ ಬೆರಳು ಬಾಯಲ್ಲಿದ್ದರೆ "ಏನಲೇ ತಮ್ಮಾ, ಮನ್ಯಾಗ ಉಣ್ಣಾಕ ಹಾಕಲ್ಲೇನು?" ಅಂತ ಕಾಕಾ ಒಬ್ಬರು ನಗುತ್ತಾರೆ. ಕೇಳಿದವರು ಎಲ್ಲರೂ ನಗುತ್ತಾರೆ. ಹುಡುಗನೂ ನಗುತ್ತಾನೆ, ಕೈ ಕೆಳಗೆ ಇಳಿಸುತ್ತಾನೆ. ಕಾಕಾ ಅತ್ತ ಹೋದ ಮೇಲೆ ಕೈ ಎಲ್ಲಿರುತ್ತೆ ಅಂತ ನಾನು ಹೇಳಬೇಕಿಲ್ಲ.

ಇನ್ನು ಮನೆಮದ್ದಿಗೆ ಬರೋಣ. ಬೇವಿನೆಣ್ಣೆ, ಹಾಗಲಕಾಯಿ ರಸ, ಮೆಣಸಿನ ಖಾರ. ಈಗ ಇವುಗಳ ಪೇಟೆ ರೂಪವೂ ಇದೆ, ಉಗುರಿಗೆ ಹಚ್ಚುವ ಕಹಿ ಬಣ್ಣ. ಅಂಥ ಬಣ್ಣಗಳಲ್ಲಿ ಸಾಮಾನ್ಯವಾಗಿ ಇರೋದು ಡೆನಟೋನಿಯಂ ಬೆಂಜೋಯೇಟ್. 1958ರಲ್ಲಿ ಸ್ಕಾಟ್ಲೆಂಡಿನ ಒಂದು ಔಷಧ ಕಂಪನಿಯಲ್ಲಿ ಅರಿವಳಿಕೆ ಮದ್ದಿನ ಕೆಲಸ ನಡೆಯುತ್ತಿದ್ದಾಗ ಸಿಕ್ಕಿದ ವಸ್ತು, ಇವತ್ತಿಗೂ ಅತಿ ಕಹಿ ಅಂತ ಹೆಸರು. ಕೆಲವರಿಗೆ ಇದು ಸ್ವಲ್ಪ ಉಪಯೋಗಕ್ಕೆ ಬರುತ್ತೆ, ಇಲ್ಲ ಅನ್ನಲ್ಲ. ಅದು ಶಿಕ್ಷೆ ಆಗಿ ಅಲ್ಲ, ನೆನಪಿನ ಗಂಟೆ ಆಗಿ. ಬೆರಳು ಬಾಯಿಗೆ ಹೋಗಿದೆ ಅಂತ ನಮಗೇ ತಿಳಿಸುತ್ತದೆ. ಆದರೆ ಬರೀ ಕಹಿಯಿಂದಲೇ ಕೆಲಸ ಆಗೋದಾದರೆ, ಯುಗಾದಿಗೆ ಬೇವು ತಿಂದು ಬೆಳೆದ ನಮ್ಮ ನಾಲಿಗೆಗೆ ಅದೂ ರೂಢಿಯಾಗಲು ನಾಲ್ಕು ದಿನ ಸಾಕು. ಖಾರದ ಮಾತಂತೂ ಬೇಡವೇ ಬೇಡ. ಖಾರ ಹಚ್ಚಿದ ಬೆರಳಿನಿಂದ ಮಗು ಮೊದಲು ಉಜ್ಜಿಕೊಳ್ಳೋದು ಕಣ್ಣನ್ನ.

ಏಟಿನ ವಿಷಯ ಇದಕ್ಕಿಂತ ಗಂಭೀರ. ಬೆರಳು ಕೂಡಿಸಿ ಮೇಲೆ ಮಾಡಿಸಿ, ಉಗುರಿನ ಮೇಲೆ ಸ್ಕೇಲಿನಿಂದ ಹೊಡೆಸಿಕೊಂಡ ನೆನಪು ನಮ್ಮ ಪೀಳಿಗೆಯ ಬಹಳ ಜನಕ್ಕೆ ಇದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಎರಡನೆಯದನ್ನು ಗಮನಿಸಿ. ಹೊಡೆಯದೇ, ಇಡೀ ತರಗತಿಯ ಮುಂದೆ ಕೈ ಎತ್ತಿ ತೋರಿಸಿ ನಗಿಸಿದರೂ ಅದು ಕಿರುಕುಳವೇ.

ಬೈಗುಳ ಯಾಕೆ ಕೆಲಸ ಮಾಡಲ್ಲ ಅನ್ನೋದಕ್ಕೆ ಕಾರಣ ಸರಳ. ಉಗುರು ಕಡಿಯುವವನಿಗೆ ಕಡಿಯಲು ಶುರು ಮಾಡಿದ್ದು ಎಷ್ಟೋ ಸಲ ಗೊತ್ತೇ ಇರುವುದಿಲ್ಲ. ಮೊದಲು ಹೆಬ್ಬೆರಳು ಉಳಿದ ಉಗುರುಗಳ ಅಂಚನ್ನು ಸವರಿ ನೋಡುತ್ತೆ. ಎಲ್ಲೋ ಒಂದು ಮೂಲೆ ಒರಟಾಗಿ ಸಿಗುತ್ತೆ. ಅದನ್ನು ಸರಿ ಮಾಡೋಣ ಅಂತ ಬಾಯಿಗೆ ಹೋಗುತ್ತೆ. ಸರಿ ಮಾಡಲು ಹೋಗಿ ಇನ್ನೊಂದು ಮೂಲೆ ಒರಟಾಗುತ್ತೆ... ಹೀಗೆ ಸಾಗುತ್ತೆ ಕಥೆ. ಈ ಲೇಖನ ಓದುತ್ತಿರುವ ನೀವು, ಒಂದು ವಾಕ್ಯ ಬರೆದು ಮುಂದಿನ ಪದ ಹೊಳೆಯದೆ ಪರದೆ ದಿಟ್ಟಿಸುವಾಗ ನಿಮ್ಮ ಎಡಗೈ ಎಲ್ಲಿರುತ್ತೆ ಅಂತ ಒಮ್ಮೆ ನೋಡಿಕೊಳ್ಳಿ! ಬೈಗುಳ ಬರೋದು ಇದೆಲ್ಲ ಮುಗಿದ ಮೇಲೆ. ಆಗ ಮಗುವಿಗೆ ತಿಳಿಯೋದು 'ನಾನು ಕೆಟ್ಟವನು' ಅಂತ ಮಾತ್ರ. ಕೈ ಯಾವಾಗ ಹೊರಟಿತು, ಯಾಕೆ ಹೊರಟಿತು ಅನ್ನೋದು ತಿಳಿಯುವುದೇ ಇಲ್ಲ.

ಇದನ್ನೇ ತಲೆಯಲ್ಲಿಟ್ಟುಕೊಂಡು ನೇಥನ್ ಅಝ್ರಿನ್ ಮತ್ತು ಗ್ರೆಗರಿ ನನ್ ಅನ್ನುವ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು 1973ರಲ್ಲಿ ಒಂದು ವಿಧಾನ ಪ್ರಕಟಿಸಿದರು. ಅಭ್ಯಾಸ ತಿರುಗಿಸುವುದು ಅನ್ನಬಹುದು. ಎರಡು ಮುಖ್ಯ ಹೆಜ್ಜೆ. ಒಂದು, ಕೈ ಹೊರಡುವ ಗಳಿಗೆಯನ್ನು ಗುರುತಿಸೋದು ಕಲಿಯಬೇಕು. ಎರಡು, ಆ ಗಳಿಗೆಯಲ್ಲಿ ಕೈಗೆ ಬೇರೆ ಕೆಲಸ ಕೊಡಬೇಕು. ಮುಷ್ಟಿ ಹಿಡಿಯೋದೋ, ಪೆನ್ನು ಗಟ್ಟಿಯಾಗಿ ಹಿಡಿಯೋದೋ, ಒಂದರಿಂದ ಮೂರು ನಿಮಿಷ. ಮನೆಯವರ ಕೆಲಸ ಏನಂದ್ರೆ ಹುರಿದುಂಬಿಸೋದು. ಐವತ್ತು ವರ್ಷ ದಾಟಿದರೂ ಇವತ್ತಿಗೂ ಈ ಸಮಸ್ಯೆಗೆ ಮೊದಲು ನೆನಪಾಗುವ ಚಿಕಿತ್ಸೆ ಇದೇ.

ತೀರಾ ಈಚಿನದು ಬೇಕಾದರೆ ಜರ್ಮನಿಯ ಹ್ಯಾಂಬರ್ಗ್‌ನ ಸ್ಟೆಫೆನ್ ಮೊರಿಟ್ಜ್ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಬಹುದು. 268 ಜನ ಭಾಗವಹಿಸಿದ್ದರು. ಕೈ ಬಾಯಿಗೆ ಹೋಗಬೇಕು ಅನ್ನಿಸಿದಾಗ ಬೆರಳ ತುದಿಗಳನ್ನೋ, ಅಂಗೈಯನ್ನೋ, ತೋಳನ್ನೋ ಮೃದುವಾಗಿ ಸವರಿಕೊಳ್ಳಿ ಅಂತ ಹೇಳಿಕೊಟ್ಟರು, ಅಷ್ಟೇ. ಆರು ವಾರದ ನಂತರ ಆ ಗುಂಪಿನಲ್ಲಿ ನೂರಕ್ಕೆ 53 ಜನ ಸ್ವಲ್ಪವಾದರೂ ಸುಧಾರಣೆ ಆಗಿದೆ ಅಂದರು. ಏನೂ ಹೇಳಿಕೊಡದ ಗುಂಪಿನಲ್ಲಿ ಹಾಗಂದವರು ನೂರಕ್ಕೆ 20ರಷ್ಟು. ಹೆಚ್ಚು ಲಾಭ ಆದದ್ದು ಉಗುರು ಕಡಿಯುವವರಿಗೇ. ಪೂರ್ತಿ ಬಿಟ್ಟರು ಅಂತಲ್ಲ, ಸುಧಾರಿಸಿತು ಅಂತ. ದುಡ್ಡಿಲ್ಲ, ಖಾರವಿಲ್ಲ, ಕಣ್ಣೀರಿಲ್ಲ.

ಈಗ ಆಚೆ ಕಡೆಯ ವಾದವನ್ನೂ ಕೇಳಬೇಕು. "ಹಂಗಾರ ಉಗುರು ಕಡಿಯೋದು ಚೊಲೋ ಅಂತೀಯೇನು?" ಅಂತ ನಮ್ಮವ್ವ ಕೇಳಿದಳು, ಇದನ್ನೆಲ್ಲ ಹೇಳಿದಾಗ. ಇಲ್ಲವ್ವ, ಚೊಲೋ ಅಲ್ಲ. ಉಗುರಿನ ಸಂದಿಯ ಕೊಳೆಯಲ್ಲಿ ಸಣ್ಣ ದಾರದಂಥ ಹುಳುವಿನ ಮೊಟ್ಟೆ ಇರಬಹುದು, ಅದು ಸೀದಾ ಹೊಟ್ಟೆಗೆ ಹೋಗುತ್ತೆ. ಉಗುರು ಸುತ್ತು ಆಗಿ ಬೆರಳು ಊದಿ ಕೀವು ತುಂಬುತ್ತೆ. ನರುಳ್ಳೆ ಇದ್ದರೆ ಒಂದು ಬೆರಳಿನಿಂದ ಇನ್ನೊಂದಕ್ಕೆ, ಅಲ್ಲಿಂದ ತುಟಿಗೆ ಹರಡಬಹುದು. ಹಲ್ಲಿನ ಅಂಚು ಸವೆಯುತ್ತೆ. ಕೂದಲಿನ ಕೆಲಸ ಮಾಡುವವರ ಮನೆಯಲ್ಲಿ ಯಾರ್ಯಾರದೋ ತಲೆಯ ಧೂಳು ಕೈಗೆ ಹತ್ತಿರುತ್ತೆ, ಅಲ್ಲಂತೂ ಇನ್ನೂ ಹುಷಾರಾಗಿರಬೇಕು. ಇದೆಲ್ಲ ನಿಜ.

ಆದರೆ ಈ ಪಟ್ಟಿಯಲ್ಲಿರುವ ಬಹಳಷ್ಟನ್ನು ತಡೆಯಲು ಬೇಕಾದ್ದು ಸೋಪು, ನೀರು ಮತ್ತು ನೇಲ್ ಕಟರ್. ಜೊತೆಗೆ ಜಂತುಹುಳು ಮಾತ್ರೆ. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳಿಗೆ ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ, ತಪ್ಪಿಸದೆ ಕೊಡಿಸಿ. ಬೈಗುಳದಿಂದ ಹುಳು ಸಾಯುವುದಿಲ್ಲ.

ಅಂದ ಹಾಗೆ ನಮ್ಮ ಪಂಗಡದವರು ಎದೆಯುಬ್ಬಿಸಿ ಹೇಳಿಕೊಳ್ಳುವ ಒಂದು ಸುದ್ದಿಯೂ ಇದೆ. ನ್ಯೂಜಿಲೆಂಡಿನ ಡನೀಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ದೊಡ್ಡವರಾಗುವ ತನಕ ಗಮನಿಸುತ್ತಾ ಬಂದಿದ್ದಾರೆ. 2016ರಲ್ಲಿ ಪ್ರಕಟವಾದ ಅದರ ಒಂದು ವರದಿಯ ಪ್ರಕಾರ, ಚಿಕ್ಕಂದಿನಲ್ಲಿ ಹೆಬ್ಬೆರಳು ಚೀಪುವುದು, ಉಗುರು ಕಡಿಯುವುದು ಎರಡೂ ಇದ್ದ ಮಕ್ಕಳಲ್ಲಿ 13ನೇ ವಯಸ್ಸಿಗೆ ಚರ್ಮದ ಅಲರ್ಜಿ ಪರೀಕ್ಷೆಯಲ್ಲಿ ಪಾಸಿಟಿವ್ ಬಂದವರು ನೂರಕ್ಕೆ 31. ಎರಡೂ ಇಲ್ಲದವರಲ್ಲಿ ನೂರಕ್ಕೆ 49. ಚಿಕ್ಕಂದಿನಲ್ಲೇ ಕೊಳೆಯ ಪರಿಚಯ ಆಗಿದ್ದರಿಂದ ಇರಬಹುದು ಅಂತ ಊಹೆ. ಆದರೆ ಉಬ್ಬಸ, ಹೇ ಫೀವರ್ ಅವರಿಗೇನೂ ಕಡಿಮೆ ಇರಲಿಲ್ಲ. ಅಭ್ಯಾಸವನ್ನು ಪ್ರೋತ್ಸಾಹಿಸಿ ಅಂತ ಅಧ್ಯಯನ ಮಾಡಿದವರೂ ಹೇಳಿಲ್ಲ. ಆದ್ದರಿಂದ ಎದೆ ಸ್ವಲ್ಪ ಇಳಿಸಿಕೊಳ್ಳೋಣ.

ನೇಲ್ ಕಟರ್ ಅಂದೆನಲ್ಲ, ಅಲ್ಲೂ ನಮ್ಮ ಮನೆಗಳಲ್ಲಿ ತೊಡಕಿದೆ. ಮಂಗಳವಾರ ಉಗುರು ತೆಗೀಬಾರದು, ಶುಕ್ರವಾರ ಬೇಡ, ಅಮಾವಾಸ್ಯೆ ಬೇಡ, ಹಬ್ಬದ ದಿನ ಬೇಡ, ದೀಪ ಹಚ್ಚಿದ ಮೇಲಂತೂ ಬೇಡವೇ ಬೇಡ. ದೀಪದ ಬೆಳಕಿನ ಕಾಲದಲ್ಲಿ ಕತ್ತಲಲ್ಲಿ ಬೆರಳು ಕೊಯ್ದುಕೊಳ್ಳಬಾರದು, ಉಗುರಿನ ಚೂರು ಅನ್ನಕ್ಕೆ ಬೀಳಬಾರದು ಅಂತ ಮಾಡಿದ ನಿಯಮ ಇರಬೇಕು, ಆಗ ಸರಿಯಿತ್ತು. ಈಗ ಟ್ಯೂಬ್‌ಲೈಟಿನ ಕೆಳಗೂ ಅದೇ ನಿಯಮ. ರಾತ್ರಿ ಓದುತ್ತಾ ಕೂತ ಹುಡುಗಿಗೆ ಉಗುರಿನ ಒಂದು ಮೂಲೆ ಚುಚ್ಚುತ್ತಿದೆ ಅಂದುಕೊಳ್ಳಿ. ಕಟರ್ ಮುಟ್ಟಿದರೆ "ದರಿದ್ರ ಬರತೈತಿ, ಇಡು ಅದನ್ನ" ಅಂತ ದೊಡ್ಡವ್ವ ಗದರುತ್ತಾಳೆ. ಉಳಿದದ್ದು ಹಲ್ಲು ತಾನೆ? ಹಲ್ಲಿನಿಂದ ಕಡಿದರೂ ದರಿದ್ರವೇ! ಒರಟು ಅಂಚೇ ಈ ಅಭ್ಯಾಸದ ಬಾಗಿಲು. ಕಟರ್‌ನಲ್ಲಿರುವ ಸಣ್ಣ ಅರದಿಂದ ಎರಡು ಸಲ ಉಜ್ಜಿದರೆ ಬಾಗಿಲು ಮುಚ್ಚುತ್ತೆ. ದಯವಿಟ್ಟು ಮಕ್ಕಳಿಗೆ ವಾರದ ಏಳೂ ದಿನ, ಇಪ್ಪತ್ತನಾಲ್ಕು ಗಂಟೆ ಕಟರ್ ಮುಟ್ಟಲು ಬಿಡಿ.

ಈ ಅಭ್ಯಾಸದ ಜೊತೆ ಬದುಕುವುದು ಅಂದರೆ ಕೈ ಅಡಗಿಸುವುದು. ಇಲ್ಲದವರಿಗೆ ಇದು ಅರ್ಥ ಆಗೋದು ಕಷ್ಟ. ಹೆಣ್ಣು ನೋಡಲು ಬಂದವರ ಮುಂದೆ ಚಹಾದ ತಟ್ಟೆ ಹಿಡಿದು ಬರುವ ಹುಡುಗಿಗೆ ಬೆರಳು ಮಡಚಿ ಹಿಡಿಯುವ ಚಿಂತೆ. ಸಂದರ್ಶನದಲ್ಲಿ ಸರ್ಟಿಫಿಕೇಟು ದಾಟಿಸುವಾಗ ಚಿಂತೆ. ರೇಷನ್ ಅಂಗಡಿಯಲ್ಲಿ ಬೆರಳಚ್ಚು ಕೊಡುವಾಗ, ಬಳೆ ಇಡಿಸಿಕೊಳ್ಳುವಾಗ, ಮೆಹಂದಿ ಹಚ್ಚಿಸಿಕೊಳ್ಳುವಾಗ ಚಿಂತೆ. ಕೊನೆಗೆ ಮತಗಟ್ಟೆಯಲ್ಲೂ ಬಿಡಲ್ಲ. 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಮೈಸೂರಿನ ಬಣ್ಣದ ಕಾರ್ಖಾನೆ 1962ರ ಚುನಾವಣೆಯಿಂದ ಇಡೀ ದೇಶಕ್ಕೆ ಶಾಯಿ ಕೊಡುತ್ತಿದೆ. ಚರ್ಮದ ಮೇಲಿನ ಗುರುತು ಬೇಗ ಹೋದರೂ ಉಗುರಿನ ಮೇಲಿನದು ಉಗುರು ಬೆಳೆದು ಹೋಗುವ ತನಕ ಉಳಿಯುತ್ತೆ. ಆ ಶಾಯಿ ಹಚ್ಚುವವರ ಮುಂದೆ ಎಡಗೈ ತೋರುಬೆರಳನ್ನು ಚಾಚುವಾಗ, ಈ ದೇಶದ ಪ್ರಜೆ ಅನ್ನುವ ಹೆಮ್ಮೆಗಿಂತ 'ಅಯ್ಯೋ, ಉಗುರು ನೋಡಿಬಿಟ್ಟರಲ್ಲ' ಅನ್ನುವ ಮುಜುಗರವೇ ಮುಂದೆ ಇರುತ್ತೆ. ನಗು ಬರಬಹುದು ನಿಮಗೆ. ವರ್ಷಗಟ್ಟಲೆ ಹೀಗೆ ಕೈ ಮಡಚಿಕೊಂಡು ಬದುಕಿದವರಿಗೆ ನಗು ಬರಲ್ಲ.

ನಮ್ಮಲ್ಲಿ ಹೆಚ್ಚಿನವರದು ಬರೀ ಅಭ್ಯಾಸ. ನಾಲ್ಕೈದು ವರ್ಷದ ಹೊತ್ತಿಗೆ ಶುರುವಾಗಿ, ಹದಿಹರೆಯದಲ್ಲಿ ಜೋರಾಗಿ, ದೊಡ್ಡವರಾಗುತ್ತಾ ಎಷ್ಟೋ ಜನರಲ್ಲಿ ತಾನೇ ಕಡಿಮೆಯಾಗುತ್ತೆ. ಆದರೆ ಕೆಲವರಿಗೆ ಅಷ್ಟಕ್ಕೇ ನಿಲ್ಲುವುದಿಲ್ಲ. ರಕ್ತ ಬರುವ ತನಕ, ಉಗುರಿನ ಬುಡದ ಮಾಂಸದ ತನಕ ಹೋಗುತ್ತೆ. ಉಗುರು ಹುಟ್ಟುವ ಬುಡಕ್ಕೇ ಪೆಟ್ಟಾದರೆ ಅದು ಶಾಶ್ವತವಾಗಿ ಸೊಟ್ಟಗೆ ಬೆಳೆಯಬಹುದು. ಬಿಡಬೇಕು ಅಂತ ಎಷ್ಟು ಸಲ ಪ್ರಯತ್ನಿಸಿದರೂ ಆಗದೆ, ಅದರಿಂದಲೇ ಬದುಕು ಕುಗ್ಗುತ್ತಿದ್ದರೆ ಅದಕ್ಕೆ ವೈದ್ಯರ ಪುಸ್ತಕದಲ್ಲಿ ಜಾಗ ಇದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿ ಇದನ್ನು ಕೂದಲು ಕೀಳುವ ಕಾಯಿಲೆಯ ನೆರೆಯಲ್ಲೇ, ಗೀಳಿನ ಕಾಯಿಲೆಗಳ ಗುಂಪಿನಲ್ಲಿ ಇಟ್ಟಿದೆ. ಕೂದಲಿನ ಊರಿನವನಾದ ನನಗೆ ಆ ನೆರೆಹೊರೆ ವಿಚಿತ್ರ ಅನ್ನಿಸುತ್ತೆ. ತಮ್ಮ ಕೂದಲನ್ನು ತಾವೇ ಕಿತ್ತುಕೊಂಡು ತಲೆ ಮೇಲೆ ಸೆರಗು ಹೊದ್ದು ತಿರುಗುವವರು, ಬೆರಳು ಕಚ್ಚಿಕೊಂಡು ಕೈ ಮಡಚಿ ತಿರುಗುವವರು, ಇಬ್ಬರದೂ ಒಂದೇ ಕಷ್ಟ.

ಅಂಥವರಿಗೆ ಬೇಕಾದ್ದು ವೈದ್ಯರು. ಹುಚ್ಚಾಸ್ಪತ್ರೆ ಅನ್ನುವ ಹಳೇ ಹೆದರಿಕೆ ಬೇಡ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳಿನ ಕಾಯಿಲೆಗೆಂದೇ ಪ್ರತ್ಯೇಕ ವಿಭಾಗ ಇದೆ. ಅಷ್ಟು ದೂರ ಹೋಗಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸೇವೆ, ಬಿಟ್ಟಿ, ಕನ್ನಡದಲ್ಲೇ ಮಾತಾಡಬಹುದು. 'ಉಗುರು ಕಡಿಯೋದಕ್ಕೆ ಫೋನ್ ಮಾಡಬೇಕಾ' ಅನ್ನುವ ಸಂಕೋಚ ಬೇಡ.

ಉಳಿದ ನಮಗೆ ನಿಮ್ಹಾನ್ಸೂ ಬೇಡ, ಖಾರವೂ ಬೇಡ. ಕೈ ಹೊರಟಾಗ ನೆನಪಾಗುವಂತೆ ಏನಾದರೂ ಒಂದು ಗುರುತು, ಜೇಬಲ್ಲಿ ಒಂದು ಕಟರ್, ಬೆರಳಿಗೆ ಒಂದು ಕೆಲಸ. ಸ್ವಲ್ಪ ತಾಳ್ಮೆ. ಕೈ ಉಗುರು ತಿಂಗಳಿಗೆ ಬೆಳೆಯೋದೇ ಮೂರು ಮಿಲಿಮೀಟರ್ ಆಸುಪಾಸು, ಬುಡದಿಂದ ತುದಿಗೆ ಪೂರ್ತಿ ಹೊಸ ಉಗುರು ಬರಲು ಆರು ತಿಂಗಳು ಬೇಕು. ಅಭ್ಯಾಸವೂ ಅದೇ ವೇಗದಲ್ಲಿ ಬದಲಾಗಲಿ, ತೊಂದರೆ ಇಲ್ಲ.

ಮತ್ತೆ ನೀವು, ಅಂದರೆ ಉಗುರು ಕಡಿಯದ ಪುಣ್ಯವಂತರು :-) ಮನೆಯಲ್ಲಿ ಮಗುವಿನ ಬೆರಳು ಬಾಯಲ್ಲಿ ಕಂಡರೆ ದಯವಿಟ್ಟು "ಥೂ" ಅನ್ನಬೇಡಿ. ಒಂದಿಷ್ಟು ಶೇಂಗಾ ಸುಲಿಯಲು ಕೊಡಿ, ನೂಲಿನ ಗಂಟು ಬಿಡಿಸಲು ಕೊಡಿ, ಏನೂ ಇಲ್ಲದಿದ್ದರೆ ನಿಮ್ಮ ಕೈಯನ್ನೇ ಹಿಡಿಯಲು ಕೊಡಿ. ಸ್ವಲ್ಪ ಹೊತ್ತಾದ ಮೇಲೆ, ಏನು ಯೋಚನೆ ಮಾಡ್ತಿದ್ದಿ ಅಂತ ಕೇಳಿ. ಎಷ್ಟೋ ಸಲ ಅದನ್ನು ಯಾರೂ ಕೇಳಿರುವುದೇ ಇಲ್ಲ.

ನಿಮ್ಮ ಮನೆಗಳಲ್ಲಿ ಇದಕ್ಕೆ ಏನು ಮಾಡುತ್ತಿದ್ದರು, ಏನು ಮಾಡುತ್ತಾರೆ, ಹೇಳಿ. ಬೇವಿನೆಣ್ಣೆಯ ಕಥೆಗಳಿಗೂ ಸ್ವಾಗತ.